ನರದಕ್ಕ ಮುಖ ನೋಡಿದ ದಿನ

ಕೆಲಸದಲ್ಲಿದ್ದಷ್ಟು ವರ್ಷ ನಾನು ಜನರ ಕೈಗಳನ್ನೇ ನೋಡಿದವನು. ಬಸ್ ಕಂಡಕ್ಟರನಿಗೆ ಮುಖ ನೋಡುವ ಪುರುಸೊತ್ತು ಎಲ್ಲಿ? ಚಿಲ್ಲರೆ ಹಿಡಿದ ಕೈ ಯಾವುದು, ನೋಟು ಮಡಚಿ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ ಕೈ ಯಾವುದು, ಟಿಕೆಟ್ ಕಳೆದುಹೋಯಿತೆಂದು ಸುಳ್ಳೇ ಜೇಬು ತಡಕುವ ಕೈ ಯಾವುದು ಎಂದು ನೋಡುವಷ್ಟರಲ್ಲಿ ಮುಂದಿನ ಸ್ಟಾಪ್ ಬಂದಿರುತ್ತದೆ. ಕಾಲಿನಲ್ಲಿ ಕೀವು ತುಂಬಿ ಆಸ್ಪತ್ರೆ ಸೇರಿದಾಗ ಅಲ್ಲಿ ನನಗೆ ಎಲ್ಲರಿಗಿಂತ ಬೇಗ ಅರ್ಥವಾದವರು ನರದಕ್ಕ. ಅವರೂ ನನ್ನ ಹಾಗೆ ಕೈ ನೋಡಿಕೊಂಡೇ ಬದುಕಿದವರು.

ನರದಕ್ಕ ಎನ್ನುವುದು ವಾರ್ಡಿನವರು ಇಟ್ಟ ಹೆಸರು. ಔಷಧ ನೇರ ರಕ್ತಕ್ಕೆ ಹೋಗಲೆಂದು ಕೈಯ ನರದೊಳಗೆ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಕೂರಿಸುತ್ತಾರಲ್ಲ, ಆಸ್ಪತ್ರೆಯವರು ಅದಕ್ಕೆ ಲೈನ್ ಎನ್ನುತ್ತಾರೆ. ಸೂಜಿಯ ಮೇಲೆ ಕೊಳವೆ ಒಳಗೆ ಹೋಗುತ್ತದೆ, ಸೂಜಿ ಹೊರಗೆ ಬರುತ್ತದೆ, ಕೊಳವೆ ಅಲ್ಲೇ ಉಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ನರ ಸಿಗಬೇಕಲ್ಲ. ನನಗೆ ಮೊದಲು ಚುಚ್ಚಲು ಬಂದ ಹುಡುಗಿ ನನ್ನ ಕೈಯನ್ನು ಜರಡಿ ಮಾಡಿ, ಕೊನೆಗೆ ತಾನೇ ಅಳುವ ಹಾಗಾಗಿ, “ಇರಿ, ಅಕ್ಕನ್ನ ಕರೀತೀನಿ” ಎಂದು ಓಡಿದಳು. ಯಾರಿಗೂ ಸಿಗದ ನರ ಹುಡುಕುವುದರಲ್ಲಿ ಆ ಅಕ್ಕನದು ಎತ್ತಿದ ಕೈ.

ಬಂದವರು ಸಣ್ಣಗೆ, ಗಿಡ್ಡಗೆ, ತಲೆಯಲ್ಲಿ ಅರ್ಧ ಬಿಳಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ನನ್ನ ಕೈಗೆ ಸುತ್ತಿ ಸುಮ್ಮನೆ ಕೂತರು. ಬೇರೆಯವರು ರಬ್ಬರ್ ಪಟ್ಟಿ ಬಿಗಿದು ಪಟಪಟ ತಟ್ಟುತ್ತಾರೆ, ಇವರಿಗೆ ಆ ಅವಸರವಿಲ್ಲ. ಟವೆಲ್ ಬಿಚ್ಚಿ ಹೆಬ್ಬೆರಳನ್ನು ತಿರುಗಿಸಿ ನೋಡಿದರು.

“ಕಂಡಕ್ಟರಾ?”

“ನಿಮಗೆ ಹೇಗೆ ಗೊತ್ತಾಯ್ತು?”

“ಕ್ವಾರ್ಟರ್ಸ್ ಸಿಗೋವರೆಗೂ ನಾನು ದಿನಾ ನಿಮ್ ಬಸ್ಸಲ್ಲೇ ಓಡಾಡ್ತಿದ್ದೆ ಅಣ್ಣ. ಟಿಕೆಟ್ ಹರಿಯೋ ಈ ಉಗುರು ನೋಡಿದೀನಿ.”

ವರ್ಷಾನುಗಟ್ಟಲೆ ನನ್ನ ಬಸ್ಸಿನಲ್ಲಿ ಬಂದ ಹೆಂಗಸು. ನಾನು ಆ ಮುಖವನ್ನು ಅವತ್ತೇ ಮೊದಲ ಸಲ ನೋಡುತ್ತಿದ್ದೆ. ಅದನ್ನಾದರೂ ಸರಿಯಾಗಿ ನೋಡಿದೆನೇ? ಸೂಜಿ ಹತ್ತಿರ ಬಂದದ್ದೇ ಕುತ್ತಿಗೆ ತಾನಾಗಿ ಗೋಡೆಯ ಕಡೆ ತಿರುಗಿತು. ತಿರುಗಿಸಿ ನೋಡುವಷ್ಟರಲ್ಲಿ ಪ್ಲಾಸ್ಟರ್ ಅಂಟಿಸಿ ನರದಕ್ಕ ಮುಂದಿನ ಮಂಚಕ್ಕೆ ಹೋಗಿಯಾಗಿತ್ತು. ಚುಚ್ಚಿದ್ದೇ ಗೊತ್ತಾಗಿರಲಿಲ್ಲ.

ಆಮೇಲೆ ಗಮನಿಸಿದೆ, ಇಡೀ ವಾರ್ಡಿನಲ್ಲಿ ಎಲ್ಲರೂ ಹೀಗೆಯೇ. ದಪ್ಪ ಮೀಸೆಯ ಲಾರಿ ಡ್ರೈವರ್ ಕೂಡ ಕಣ್ಣು ಮುಚ್ಚಿ ಆಚೆ ತಿರುಗುತ್ತಿದ್ದ. ಸೂಜಿ ಕಂಡರೆ ಮುಖ ಆ ಕಡೆ ಹೋಗಬೇಕಾದ್ದೇ. ನರದಕ್ಕನ ಪಾಲಿಗೆ ಬಂದದ್ದು ಇಷ್ಟೇ: ಒಂದು ಕೈ, ಒಂದು ಕಿವಿ, ಬಿಗಿದ ಕುತ್ತಿಗೆಯ ಪಕ್ಕ. ಒಂದು ಊರಿಗೆ ಊರನ್ನೇ ಕೈ ಹಿಡಿದು ನೋಡಿದವರನ್ನು ಆ ಊರು ಒಂದು ಸಲವೂ ತಿರುಗಿ ನೋಡಿರಲಿಲ್ಲ. ತರಕಾರಿ ಅಂಗಡಿಯ ಸಾಲಿನಲ್ಲಿ ಯಾರದೋ ಕೈ ಕಂಡು, ಅಯ್ಯೋ ಇದು ಜಾರುವ ನರ, ಎರಡು ಸಲ ಓಡಿಹೋಗಿತ್ತು ಎಂದು ನೆನಪಾಗುತ್ತಿತ್ತಂತೆ. ಮಾತಾಡಿಸಬೇಕೆಂದು ತಲೆ ಎತ್ತಿದರೆ ಅವರು ಇವರನ್ನು ದಾಟಿ ಈರುಳ್ಳಿ ನೋಡುತ್ತಿರುತ್ತಿದ್ದರು.

ಐದು ಜನ ಅಕ್ಕತಂಗಿಯರಲ್ಲಿ ನರದಕ್ಕ ನಡುವಿನವರು. ಅಂಥ ಮನೆಯಲ್ಲಿ ಹಿರಿಯವಳಿಗೆ ಅಧಿಕಾರ, ಕಿರಿಯವಳಿಗೆ ಮುದ್ದು, ನಡುವಿನವಳಿಗೆ ಕೆಲಸ. ನರ್ಸಿಂಗ್ ಕಲಿಯುವಾಗ ರೋಗಿಗಳಿಗೆ ನೋವಾಗಬಾರದೆಂದು ತಮ್ಮ ಎಡಗೈಗೇ ಚುಚ್ಚಿಕೊಂಡು ಅಭ್ಯಾಸ ಮಾಡಿದ್ದರು. ಮದುವೆಯ ಮಾತೂ ಒಂದು ಸಲ ಬಂದಿತ್ತು. ಹುಡುಗನನ್ನು ಹೋಟೆಲಿನಲ್ಲಿ ಭೇಟಿಯಾಗಿ, ಎದುರುಬದುರು ಕೂತು ಕಾಫಿ ಕುಡಿದು ಬಂದರು. ಹೇಗಿದ್ದಾನೆ ಎಂದು ದೊಡ್ಡಕ್ಕ ಕೇಳಿದರೆ ಮುಖ ನೆನಪಿಗೇ ಬರಲೊಲ್ಲದು. “ಎಡಗೈಮೇಲೆ ಎರಡು ಒಳ್ಳೆ ನರ ಇದಾವೆ” ಎಂದರಂತೆ. ಮಾತು ಅಲ್ಲಿಗೇ ನಿಂತಿತು. ಇದನ್ನು ಸ್ವತಃ ನರದಕ್ಕನೇ ನಗುತ್ತಾ ಹೇಳಿದ್ದು. ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನರದಕ್ಕ ಹೋದ ಮೇಲೆ, “ಪಾಪ ಕಣ್ರೀ” ಎಂದು ಕಣ್ಣು ಒರೆಸಿಕೊಂಡಳು.

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಅವರದು ಒಂದೇ ಕೋಣೆ. ಒಮ್ಮೆ ಔಷಧದ ಚೀಟಿ ಕೊಟ್ಟು ಬರಲು ಹೋದ ನನ್ನವಳು ನೋಡಿ ಬಂದು ವರದಿ ಒಪ್ಪಿಸಿದಳು: ಕಿಟಕಿಯಾಚೆ ಆಸ್ಪತ್ರೆಯ ಹಾಸುಗಳನ್ನು ಒಣಹಾಕುವ ಹಗ್ಗಗಳು, ಒಳಗೆ ಒಂದು ಮಂಚ, ಒಂದು ಲೋಟ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಮಡಚಿದ ಬಟ್ಟೆ ಎದೆಯೆತ್ತರಕ್ಕೆ. ನನ್ನವಳು ಬಂದಳೆಂದು ಅದನ್ನು ಇಳಿಸಿ ಕುರ್ಚಿ ಖಾಲಿ ಮಾಡುವುದಕ್ಕೇ ಬಹಳ ಹೊತ್ತು ಹಿಡಿಯಿತಂತೆ.

ನನ್ನ ಪಕ್ಕದ ಮಂಚದಲ್ಲಿದ್ದವರು ಗಡಿಯಾರದಜ್ಜ. ಮಾರುಕಟ್ಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಬೆನ್ನುಮೂಳೆಯಲ್ಲಿ ಕೀವಾಗಿ ವಾರಗಟ್ಟಲೆ ನರದ ಮೂಲಕ ಔಷಧ ಹೋಗಬೇಕಿತ್ತು. ನೋಡಲು ಬಂದವರು ಯಾರೂ ಇಲ್ಲ. ಒಬ್ಬ ಗಿರಾಕಿ ಬಂದಿದ್ದ, ಅವನೂ ತನ್ನ ಗಡಿಯಾರ ಯಾವ ಡ್ರಾಯರಿನಲ್ಲಿದೆ ಎಂದು ಕೇಳಿಕೊಂಡು ಹೋದ. ಹೋಗುವಾಗ ಬೇಗ ಹುಷಾರಾಗಿ ಎಂದು ಕಾಟಾಚಾರಕ್ಕೂ ಹೇಳಲಿಲ್ಲ. ನನಗೆ ಮೈ ಉರಿದುಹೋಯಿತು. ಅಜ್ಜ ಮಾತ್ರ, “ಗಡಿಯಾರ ಅವರಪ್ಪಂದು, ಅದ್ಕೇ ಆತಂಕ” ಎಂದು ಅವನ ಪರ ವಹಿಸಿದರು.

ನರದಕ್ಕ ಈ ಅಜ್ಜನಿಗೆ ಮೊದಲ ಸಲ ಸೂಜಿ ಹಾಕಿದಾಗ ನಾನು ಈ ಕಡೆಯಿಂದ ನೋಡುತ್ತಿದ್ದೆ. ಬೇರೆಯವರ ಕೈಗಾದರೆ ನನಗೆ ಧೈರ್ಯ ಜಾಸ್ತಿ. ಅಜ್ಜ ಆಚೆ ತಿರುಗಲಿಲ್ಲ. ಸೂಜಿಯ ತುದಿಯನ್ನೇ ನೋಡುತ್ತಿದ್ದರು.

“ನೀವು ಆ ಕಡೆ ತಿರುಗಲ್ವಾ ಅಜ್ಜ?”

“ಒಳ್ಳೆ ಕೆಲಸ ನಡೀತಿರುವಾಗ ನೋಡ್ದೇ ಇರೋದು ಹೇಗಮ್ಮ? ಸಣ್ಣ ಕೆಲಸ ಮಾಡೋ ಕೈ ನಡುಗಿದ್ರೆ ನಂಗೆ ಗೊತ್ತಾಗತ್ತೆ. ನಿಂದು ನಡುಗಲ್ಲ.” ಆಮೇಲೆ ಕಣ್ಣೆತ್ತಿ ಮುಖ ನೋಡಿದರು. “ಹುಬ್ಬಿನ ಮೇಲೆ ಅದೇನು ಗಾಯ?”

ಪ್ಲಾಸ್ಟರ್ ಹರಿಯುತ್ತಿದ್ದ ನರದಕ್ಕನ ಕೈ ಅಲ್ಲೇ ನಿಂತಿತು. “ಚಿಕ್ಕೋಳಿದ್ದಾಗ ಬಾವಿ ಕಟ್ಟೆಮೇಲೆ ಬಿದ್ದಿದ್ದು” ಎಂದರು. ಹೇಳುತ್ತಾ ಕೈ ತಾನಾಗಿ ಹುಬ್ಬಿಗೆ ಹೋಯಿತು. ಅಂಥದೊಂದು ಗಾಯ ಅಲ್ಲಿದೆ ಎಂದು ನನಗೂ ಆಗಲೇ ಗೊತ್ತಾದದ್ದು.

ಆಗಿನ ನಿಯಮದಂತೆ ಲೈನ್ ಚೆನ್ನಾಗಿರಲಿ, ಕೆಟ್ಟಿರಲಿ, ಮೂರು ದಿನ ತುಂಬಿದರೆ ತೆಗೆದು ಬೇರೆ ಕಡೆ ಹಾಕಬೇಕು. ಹಾಗಾಗಿ ಮೂರು ದಿನಕ್ಕೊಮ್ಮೆ ನರದಕ್ಕ ಟವೆಲ್ ಹಿಡಿದು ಬರುವುದು, ಅಜ್ಜ ಕೈ ಚಾಚುವುದು. ಕೈ ಬಿಸಿಯಾಗುವವರೆಗೆ ಮಾತು. ಅಜ್ಜ ಗಡಿಯಾರಗಳ ಚಾಡಿ ಹೇಳುತ್ತಿದ್ದರು: ಯಾವುದು ಸೋಮಾರಿ, ಯಾವುದು ಮೊಂಡು, ಯಾವುದು ಯಜಮಾನನ ಹಾಗೆಯೇ ಸುಳ್ಳು ಹೇಳುತ್ತದೆ ಎಂದು. ನರದಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಲೈನ್ ಬದಲಿಸುವ ದಿನ ಅವರ ಜಡೆ ಸ್ವಲ್ಪ ನೀಟಾಗಿರುತ್ತಿತ್ತು ಎಂದು ನನ್ನ ಹೆಂಡತಿ ಹೇಳಿದಳು. ಅವಳ ಕಣ್ಣಿಗೆ ಇಂಥದ್ದೆಲ್ಲ ಬೇಗ ಬೀಳುತ್ತದೆ.

ಈ ಖುಷಿಗೆ ಬೆಲೆ ತೆತ್ತದ್ದು ಅಜ್ಜನ ನರಗಳು. ವಯಸ್ಸಾದ ಕೈ, ದಾರದಂಥ ನರ. ನರದಕ್ಕ ಬೆರಳುಗಳ ಹತ್ತಿರದಿಂದ ಶುರುಮಾಡಿ ಮೆಲ್ಲಮೆಲ್ಲಗೆ ಮೇಲಕ್ಕೆ ಬರುತ್ತಿದ್ದರು. ಮೇಲಿನದನ್ನು ಮೊದಲೇ ಕೆಡಿಸಿದರೆ ಕೆಳಗಿನದು ಉಪಯೋಗಕ್ಕೆ ಬರುವುದಿಲ್ಲವಂತೆ. ಎಷ್ಟು ಜೋಪಾನ ಮಾಡಿದರೂ ಎಡಗೈ ಪೂರ್ತಿ ಮುಗಿಯಿತು. ಬಲಗೈಯಲ್ಲಿ ಎರಡೋ ಮೂರೋ ಜಾಗ ಉಳಿದವು. ಡಾಕ್ಟರು ಬಂದು, ಕೈಯಲ್ಲಿ ಸಿಗದೇ ಹೋದರೆ ಕುತ್ತಿಗೆಗೆ ಹಾಕಬೇಕಾಗುತ್ತದೆ, ಅಂಥವರನ್ನು ಮೇಲಿನ ಮಹಡಿಯ ವಾರ್ಡಿನಲ್ಲಿ ನೋಡಿಕೊಳ್ಳುತ್ತಾರೆ ಎಂದು ಹೇಳಿ ಹೋದರು. ಅಜ್ಜ ಅವತ್ತು ಗಡಿಯಾರದ ಮಾತು ಎತ್ತಲಿಲ್ಲ.

ಅದೇ ಸುಮಾರಿಗೆ ನಿಯಮ ಬದಲಾಯಿತು. ಹೆಡ್ ಸಿಸ್ಟರ್ ವಾರ್ಡಿನ ನಡುವೆ ನಿಂತು ನರ್ಸುಗಳಿಗೆಲ್ಲ ಹೇಳಿದರು. “ಇನ್ಮೇಲೆ ಮೂರು ದಿನ ಆಯ್ತು ಅಂತ ಲೈನ್ ಕೀಳೋ ಹಾಗಿಲ್ಲ. ಸಾವಿರಾರು ಜನರನ್ನ ಎರಡು ಗುಂಪು ಮಾಡಿ ನೋಡಿದ್ರಂತೆ, ಸುಮ್ನೆ ಬದಲಾಯಿಸಿದ್ರಿಂದ ಅಂಥ ಲಾಭ ಏನೂ ಕಾಣ್ಲಿಲ್ವಂತೆ. ನೋವು, ಕೆಂಪು, ಊತ, ಗಟ್ಟಿ ಆಗೋದು, ಸೋರೋದು, ಕಟ್ಟಿಕೊಳ್ಳೋದು, ಇದ್ರಲ್ಲಿ ಯಾವ್ದಾದ್ರೂ ಕಂಡ್ರೆ ತಕ್ಷಣ ತೆಗೀರಿ. ಇಲ್ದಿದ್ರೆ ಮುಟ್ಟಬೇಡಿ. ಆದ್ರೆ ಪ್ರತಿ ಪಾಳಿಲೂ ಕಣ್ಣಿಟ್ಟು ನೋಡ್ಬೇಕು.”

ನರದಕ್ಕನೇ ಎಲ್ಲರಿಗಿಂತ ಮೊದಲು ತಲೆಯಾಡಿಸಿದರು. “ಒಳ್ಳೇದಾಯ್ತು. ಎಷ್ಟು ಸಲ ಸುಮ್ಸುಮ್ನೆ ಚುಚ್ಚಿದೀವಿ” ಎಂದರು. ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಅಜ್ಜನ ಬಲ ಮುಂಗೈಯಲ್ಲಿದ್ದ ಲೈನ್ ಹೊಸದು, ಗಟ್ಟಿ. ಔಷಧ ಮುಗಿಯುವವರೆಗೆ ಅದೊಂದು ಬಾಳಿದರೆ ಕುತ್ತಿಗೆಗೂ ಸೂಜಿಯಿಲ್ಲ, ಮೇಲಿನ ವಾರ್ಡೂ ಇಲ್ಲ.

ಮೂರನೆಯ ದಿನ ನರದಕ್ಕ ಬಂದರು. ಟವೆಲ್ ಇಲ್ಲ. ಅಜ್ಜನ ಕೈ ನೋಡಿ, ಪ್ಲಾಸ್ಟರಿನ ಸುತ್ತ ಬೆರಳಾಡಿಸಿ, “ಚೆನ್ನಾಗಿದೆ” ಎಂದು ಮುಂದಿನ ಮಂಚಕ್ಕೆ ಹೋದರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಎರಡು ಉಸಿರು ತೆಗೆಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ನರದಕ್ಕನಿಗೆ ಕೈತುಂಬ ಇದ್ದ ಕೆಲಸ ಕರಗಿಹೋಯಿತು. ಬೇರೆ ವಾರ್ಡುಗಳಿಂದಲೂ ಕರೆ ಕಮ್ಮಿಯಾಯಿತು. ಮಧ್ಯಾಹ್ನದ ಹೊತ್ತು ಬಾಗಿಲ ಬಳಿಯ ಮೇಜಿನ ಮುಂದೆ ಕೂತು ಹತ್ತಿ ಉಂಡೆ ಮಾಡುತ್ತಿದ್ದರು. ಅಷ್ಟು ಹತ್ತಿ ಯಾರಿಗೂ ಬೇಕಿರಲಿಲ್ಲ.

ಒಂದು ದಿನ ಅಜ್ಜ ಮೆಲ್ಲಗೆ ಹೇಳಿದರು, “ತಾಯೀ, ನೋಯ್ತಾ ಇದೆ.”

ನರದಕ್ಕ ಬಾಗಿ ನೋಡಿದರು. ಒತ್ತಿದರು. ಸಿರಿಂಜಿನಲ್ಲಿ ಸ್ವಲ್ಪ ಸಲೈನ್ ಬಿಟ್ಟರು. ಸರಾಗ ಒಳಗೆ ಹೋಯಿತು. ಕೆಂಪಿಲ್ಲ, ಊತವಿಲ್ಲ, ಏನೂ ಇಲ್ಲ. ನಿಯಮದ ಪ್ರಕಾರ ನೋವೆಂದರೆ ಸಾಕು, ತೆಗೆಯಬಹುದು. ತೆಗೆದರೆ ಟವೆಲ್, ಬಿಸಿನೀರು, ಮಾತು ಎಲ್ಲವೂ ಮತ್ತೆ ಬರುತ್ತದೆ, ಒಂದು ಒಳ್ಳೆಯ ನರ ಹೋಗುತ್ತದೆ. ನರದಕ್ಕನ ಬೆರಳು ಪ್ಲಾಸ್ಟರಿನ ಅಂಚನ್ನು ಒಂದಿಷ್ಟು ಎತ್ತಿದ್ದನ್ನು ನಾನು ಕಂಡೆ. ಎತ್ತಿ ಮತ್ತೆ ಒತ್ತಿ ಅಂಟಿಸಿದರು.

“ಎಲ್ಲಿ ನೋಯ್ತಿದೆ ಅಜ್ಜ?”

ಅಜ್ಜ ಕೈ ತೋರಿಸದೆ ಅವರ ಮುಖ ನೋಡಿದರು. ನರದಕ್ಕ ಹೋಗಿ ಬಿಸಿನೀರಿನ ಟವೆಲ್ ತಂದರು, ಲೈನ್ ಇಲ್ಲದ ಎಡಗೈಗೆ ಸುತ್ತಿದರು, ಸ್ಟೂಲ್ ಎಳೆದುಕೊಂಡು ಕೂತರು. “ಹೂಂ, ಆ ಮೊಂಡು ಗಡಿಯಾರದ ಕಥೆ ಅರ್ಧಕ್ಕೇ ನಿಂತಿತ್ತು” ಎಂದರು. ನನ್ನ ಬಾಯಿಗೆ ಬೀಗ ಹಾಕುವವರೇ ಇಲ್ಲವೆಂದು ಹೆಂಡತಿ ಬೈಯುತ್ತಿರುತ್ತಾಳೆ, ಅವತ್ತು ನಾನೇ ಗೋಡೆಯ ಕಡೆ ಹೊರಳಿ ಮಲಗಿದೆ.

ಅಲ್ಲಿಂದ ದಿನವೂ ಹಾಗೆಯೇ. ಪಾಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸ್ಟೂಲ್ ಅಜ್ಜನ ಪಕ್ಕಕ್ಕೆ ಬರುತ್ತಿತ್ತು. ಚುಚ್ಚುವುದಿಲ್ಲ, ಏನೂ ಇಲ್ಲ, ಬರೀ ಕೂರುವುದು. ನರದಕ್ಕನಿಗೆ ಮುಖ ನೋಡಿ ಮಾತಾಡುವುದು ಅಭ್ಯಾಸವಾಗತೊಡಗಿತು. ಅಜ್ಜನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು, ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಹಾಗಾಗಿದೆ ಎಂದು ಒಂದು ದಿನ ನನ್ನ ಹೆಂಡತಿಗೆ ಹೇಳಿದರು, ದೊಡ್ಡ ಸುದ್ದಿಯೆಂಬಂತೆ.

ಔಷಧ ಮುಗಿಯಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಆಗ ಅಜ್ಜ ಬಲಗೈಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳತೊಡಗಿದರು. ಚಳಿ ಎಂದರು. ಕೊಳವೆಗೆ ಜೋಡಿಸಿದ ಉದ್ದ ನಳಿಕೆಯ ತುದಿ ಹೊರಗೇ ಇರುತ್ತಿದ್ದರಿಂದ ಔಷಧ ಬಿಡುವ ಹುಡುಗಿ ಹೊದಿಕೆ ಎತ್ತದೆಯೇ ಬಿಟ್ಟು ಹೋಗುತ್ತಿದ್ದಳು. ನರದಕ್ಕ ಬಂದು ಸ್ಟೂಲಿನ ಮೇಲೆ ಕೂತು, “ನೋವೇನಾದ್ರೂ?” ಎಂದು ಕೇಳಿದರು. ಅಜ್ಜ ನೇರ ಅವರ ಮುಖ ನೋಡಿ, “ಏನಿಲ್ಲ ತಾಯಿ” ಎಂದರು. ನರದಕ್ಕ ಆ ಮುಖ ನೋಡಿದರು, ನಂಬಿದರು, ಹೊದಿಕೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನೀರಿನ ಲೋಟಕ್ಕೆಂದು ಮರೆತು ಬಲಗೈ ಚಾಚಿದಾಗ ನನಗೆ ಕಂಡಿತು. ಪ್ಲಾಸ್ಟರಿನಿಂದ ಮೊಣಕೈವರೆಗೆ ಕೆಂಪು ಗೆರೆ, ಹಗ್ಗದ ಹಾಗೆ ಉಬ್ಬಿದ ನರ.

“ಅಜ್ಜ, ಏನಿದು?”

“ಸುಮ್ನಿರಿ ಕಂಡಕ್ಟರ್ರೇ. ಇನ್ನು ನಾಕು ದಿನ ತಳ್ಳಿಬಿಟ್ರೆ ಆಯ್ತು. ಇದನ್ನ ಕಿತ್ರೆ ಮೇಲಕ್ಕೆ ಕಳಿಸ್ತಾರೆ. ಅಲ್ಲಿ ನನ್ ಹತ್ರ ಯಾರು ಬಂದು ಕೂರ್ತಾರೆ?”

ನನಗೆ ಕೋಪ ಬಂತೋ ಅಳು ಬಂತೋ ತಿಳಿಯಲಿಲ್ಲ. ಬೆಲ್ ಒತ್ತಿದೆ.

ನರದಕ್ಕನೇ ಓಡಿಬಂದರು. ಹೊದಿಕೆ ಎತ್ತಿ ನೋಡಿದರು. ಬೈಯಲಿಲ್ಲ. “ಯಾಕೆ ಹೇಳ್ಲಿಲ್ಲ ಅಜ್ಜ?” ಎಂದಷ್ಟೇ ಕೇಳಿದರು. ಪ್ಲಾಸ್ಟರ್ ಬಿಚ್ಚಿ, ಹತ್ತಿ ಒತ್ತಿ, ಕೊಳವೆಯನ್ನು ಎಳೆದರು. ಆಗ ಗಡಿಯಾರದಜ್ಜ ಮೊದಲ ಸಲ ಮುಖವನ್ನು ಆಚೆ ತಿರುಗಿಸಿದರು. ಆಚೆ ಎಂದರೆ ನನ್ನ ಕಡೆ. ಕಣ್ಣು ಮುಚ್ಚಿಕೊಂಡಿದ್ದರು. ಅಜ್ಜನ ಹೆಗಲಾಚೆ ನರದಕ್ಕ ಆ ತಿರುಗಿದ ತಲೆಯನ್ನು ನೋಡುತ್ತಿದ್ದರು.

ಆಮೇಲೆ ಟವೆಲ್ ತಂದು ಬೇರೆ ಜಾಗ ಹುಡುಕಿದರು. ಒಂದು ನರ ಸಿಕ್ಕಿತು, ಸಿಕ್ಕಿದ್ದೇ ಒಡೆದು ನೀಲಿಯಾಯಿತು. ಇನ್ನೊಂದು ಜಾರಿತು. “ಇನ್ನು ಚುಚ್ಚಲ್ಲ” ಎಂದು ರಬ್ಬರ್ ಪಟ್ಟಿ ಬಿಚ್ಚಿದರು. ಮಧ್ಯಾಹ್ನ ಊಟಕ್ಕೆ ಮೊದಲೇ ಗಾಲಿಮಂಚ ಬಂದು ಅಜ್ಜನನ್ನು ಮೇಲಕ್ಕೆ ಕರೆದುಕೊಂಡು ಹೋಯಿತು. ಹೋಗುವಾಗ ಅಜ್ಜ ನನಗೆ ಕೈ ಎತ್ತಿದರು. ಬಾಗಿಲ ಬಳಿ ನಿಂತಿದ್ದ ನರದಕ್ಕನ ಕಡೆ ನೋಡಲಿಲ್ಲ.

ಸಂಜೆ ನನ್ನ ಡ್ರಿಪ್ ನೋಡಲು ಬಂದ ನರದಕ್ಕ, ನಾನು ಕೇಳದೆಯೇ ಹೇಳಿದರು. “ನಿಯಮ ಸರಿಯಾಗೇ ಇದೆ ಅಣ್ಣ. ನೋಡಿ ಅಂತ ತಾನೆ ಹೇಳಿದ್ದು? ನಾನು ಕೈ ನೋಡ್ಲಿಲ್ಲ. ಮುಖ ನೋಡಿಬಿಟ್ಟೆ.”

“ಅವರೇ ಮುಚ್ಚಿಟ್ಟರೆ ನೀವೇನು ಮಾಡ್ತೀರಿ ಸಿಸ್ಟರ್?”

“ಮುಖ ಮುಚ್ಚಿಡತ್ತೆ, ಕೈ ಮುಚ್ಚಿಡಲ್ಲ” ಎಂದರು. “ಹೊದಿಕೆ ಎತ್ತಿದ್ರೆ ಸಾಕಿತ್ತು.”

ಒಂದು ದಿನ ಕಳೆಯಿತು. ಆಮೇಲೆ ತಡೆಯಲಾರದೆ, “ಒಂದ್ಸಲ ಮೇಲೆ ಹೋಗಿ ನೋಡ್ಕೊಂಡು ಬನ್ನಿ. ಆ ಮುದುಕರು ಕಾಯ್ತಿರ್ತಾರೆ” ಎಂದೆ. ನಮ್ಮ ಬಸ್ಸಿನಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತವರನ್ನು ಒಳಗೆ ತಳ್ಳುವ ಹಾಗೆ ಬಂದಾಗಲೆಲ್ಲ ತಳ್ಳಿದೆ. ಕೊನೆಗೆ ಹೋದರು. ಬಹಳ ಬೇಗ ವಾಪಸ್ ಬಂದರು.

“ಹೇಗಿದಾರೆ?”

“ಕೆಂಪು ಇಳಿದಿದೆ. ನರ ಇನ್ನೂ ಸ್ವಲ್ಪ ಗಟ್ಟಿ ಇದೆ, ಮೆತ್ತಗಾಗತ್ತೆ. ಕುತ್ತಿಗೆ ಲೈನ್ ಚೆನ್ನಾಗಿ ಕೂತಿದೆ.”

“ಏನಂದ್ರು?”

“ಮಲಗಿದ್ರು ಅಂತ ಕಾಣತ್ತೆ.”

“ಕಾಣತ್ತೆ ಅಂದ್ರೆ? ಮುಖ ಹೇಗಿತ್ತು?”

“ನೋಡ್ಲಿಲ್ಲ” ಎಂದು ಮೇಜಿನ ಹತ್ತಿರ ಹೋಗಿ ಹತ್ತಿ ಕೈಗೆತ್ತಿಕೊಂಡರು.

ನನಗೆ ಮನೆಗೆ ಹೋಗುವ ದಿನ ಬಂತು. ಹೆಂಡತಿ ಚೀಲ ಕಟ್ಟುತ್ತಿದ್ದಳು. ನರದಕ್ಕ ನನ್ನ ಲೈನ್ ತೆಗೆಯಲು ಬಂದರು. ನಾನು ಹಿಂದಿನ ರಾತ್ರಿಯೇ ನಿಶ್ಚಯ ಮಾಡಿಕೊಂಡಿದ್ದೆ, ಈ ಸಲ ಏನೇ ಆಗಲಿ ಕುತ್ತಿಗೆ ತಿರುಗಿಸಬಾರದು, ಈ ಹೆಂಗಸಿನ ಮುಖ ನೋಡಬೇಕು ಎಂದು. ಪ್ಲಾಸ್ಟರಿನ ಅಂಚು ಎತ್ತಿದರು. ನಾನು ತಿರುಗಲಿಲ್ಲ. ಹುಬ್ಬಿನ ಮೇಲಿನ ಗಾಯ ಕಂಡಿತು, ಅದರ ಕೆಳಗೆ ನನ್ನ ಕೈಮೇಲೆ ನೆಟ್ಟ ಕಣ್ಣು ಕಂಡಿತು. ತಲೆ ಎತ್ತದೆಯೇ ಅವರಿಗೆ ಗೊತ್ತಾಯಿತು.

“ಆ ಕಡೆ ನೋಡಿ ಅಣ್ಣ.”

“ಪರವಾಗಿಲ್ಲ ಸಿಸ್ಟರ್, ನಂಗೆ ಭಯ ಇಲ್ಲ.”

“ಬೇಡ. ಆ ಕಡೆ ನೋಡಿ.”

ಮುಂದೆ ಹೋಗಿ, ಒಳಗೆ ಬನ್ನಿ ಎಂದು ಜನರಿಗೆ ಹುಕುಂ ಮಾಡಿಕೊಂಡೇ ಬಂದವನು ನಾನು. ಆ ದನಿಗೆ ಎದುರಾಡಲು ಆಗಲಿಲ್ಲ, ತಿರುಗಿದೆ. ಆ ಕಡೆ ಗಡಿಯಾರದಜ್ಜನ ಮಂಚವಿತ್ತು. ಹೊಸ ಹಾಸು ಹಾಸಿದ್ದರು, ಪಕ್ಕದಲ್ಲಿದ್ದ ಸ್ಟೂಲನ್ನು ಯಾರೋ ಮಂಚದಡಿಗೆ ತಳ್ಳಿದ್ದರು.